ಹೆಡ್‌ಮೇಷ್ಟ್ರನ್ನು ಕಟ್ಟಿದ ಗಂಟಣ್ಣ

ಕಾಲೇಜಿಗೆ ಸೇರಿದ ಮೊದಲನೇ ದಿನವೇ ಗಂಟಣ್ಣ ಬೂಸಾ ಪೆಟ್ಟಿಗೆಯೊಳಗೆ ನಿಂತುಬಿಟ್ಟಿದ್ದ.

ಆಗಿದ್ದು ಇಷ್ಟೇ. ಅಶ್ವಪಾಲನೆಯ ಕೋರ್ಸಿಗೆ ಸೇರಿದ ಹೊಸಬರಿಗೆ ಲಾಯ ತೋರಿಸಲು ಮೇಡಂ ಎಲ್ಲರನ್ನೂ ಕರೆದುಕೊಂಡು ಹೊರಟಿದ್ದರು. ಉದ್ದನೆಯ ಓಣಿ, ಎರಡೂ ಕಡೆ ಅರ್ಧ ಬಾಗಿಲುಗಳು, ಒಂದೊಂದು ಬಾಗಿಲ ಮೇಲೂ ಒಂದೊಂದು ಉದ್ದ ಮುಖ. ಗಂಟಣ್ಣ ಎಲ್ಲರಿಗಿಂತ ಹಿಂದೆ, ಆದಷ್ಟೂ ಗೋಡೆಗೆ ಅಂಟಿಕೊಂಡು ಬರುತ್ತಿದ್ದ. ಗೋಡೆ ಅಂದುಕೊಂಡು ಅವನು ಒರಗಿದ್ದು ಒಂದು ಬಾಗಿಲಿಗೆ. ಕಿವಿಯಿಂದ ಒಂದು ಗೇಣು ದೂರದಲ್ಲಿ ಕುದುರೆಯೊಂದು ಸೀನಿತು. ಅದು ಕಚ್ಚಲಿಲ್ಲ, ಒದೆಯಲಿಲ್ಲ, ಕೆನೆಯಲೂ ಇಲ್ಲ. ಮೂಗಿಗೆ ಧೂಳು ಹೋಗಿತ್ತು, ಸೀನಿತು. ಮುಂದೇನಾಯಿತೋ ಗಂಟಣ್ಣನಿಗೆ ತಿಳಿಯದು. ತಿಳಿಯುವಷ್ಟು ಎಚ್ಚರ ಬಂದಾಗ ಅವನು ಓಣಿಯ ಆ ತುದಿಯ ತಗಡಿನ ಪೆಟ್ಟಿಗೆಯೊಳಗೆ, ಮೊಣಕಾಲುದ್ದ ಬೂಸಾದಲ್ಲಿ ನಿಂತಿದ್ದ. ಕೈಯಲ್ಲಿ ಪೆಟ್ಟಿಗೆಯ ಮುಚ್ಚಳ ಗುರಾಣಿಯ ಹಾಗೆ ಎದೆಗೆ ಅಡ್ಡ ಇತ್ತು.

ಅವನ ಅರ್ಧ ವಯಸ್ಸೂ ಆಗಿರದ ಸಹಪಾಠಿಗಳು ನಗಬೇಕೋ ಬೇಡವೋ ಎಂದು ಮೇಡಂ ಮುಖ ನೋಡಿದರು. ಮೇಡಂ ನಗಲಿಲ್ಲ.

“ಅಣ್ಣ, ಅದು ಅವುಗಳ ತಿಂಡಿ. ಚಪ್ಪಲಿ ಹಾಕ್ಕೊಂಡು ಅದರೊಳಗೆ ಇಳೀಬಾರದು” ಅಂದರು.

ಆಮೇಲೆ ಎಲ್ಲರೂ ಮನಸಾರೆ ನಕ್ಕರು. ಸೀನಿದ ಕುದುರೆ ಮಾತ್ರ ಬಾಗಿಲ ಮೇಲಿಂದ ಕತ್ತು ಚಾಚಿ, ಮನೆಪಾಠ ಮಾಡದೆ ಬಂದ ಹುಡುಗನನ್ನು ನೋಡುವಂತೆ ಗಂಟಣ್ಣನನ್ನೇ ನೋಡುತ್ತಿತ್ತು. ಹಣೆಯ ಮೇಲೊಂದು ಬಿಳಿ ಪಟ್ಟೆ ಬಿಟ್ಟರೆ ಮೈಯೆಲ್ಲ ಕಪ್ಪು, ಎತ್ತರ ಮಾತ್ರ ದೇವರೇ ಗತಿ. ಅದಕ್ಕೆ ಹುಡುಗರು ಇಟ್ಟಿದ್ದ ಹೆಸರು ಹೆಡ್‌ಮೇಷ್ಟ್ರು. ಸಂಜೆಯೊಳಗೆ ಗಂಟಣ್ಣನಿಗೂ ಅಲ್ಲೊಂದು ಹೆಸರು ಬಿತ್ತು: ಬೂಸಾ ಅಂಕಲ್.

ಗಂಟಣ್ಣ ಅನ್ನುವುದೂ ಅವನ ಹುಟ್ಟು ಹೆಸರೇನಲ್ಲ. ಅದು ಲಾರಿ ಅಡ್ಡೆಯವರು ಕೊಟ್ಟ ಬಿರುದು. ಅಡ್ಡೆಯಲ್ಲಿ ಲೋಡು ಕಟ್ಟುವವರು ಬೇಕಾದಷ್ಟು ಜನ ಇದ್ದರು. ಆದರೆ ಗಾಜು, ಕಪಾಟು, ಆಸ್ಪತ್ರೆಯ ಯಂತ್ರ, ಹೀಗೆ ಕೂದಲೆಳೆಯಷ್ಟೂ ಅಲುಗಬಾರದ ಸಾಮಾನು ಬಂತೆಂದರೆ, “ಗಂಟಣ್ಣನ್ನ ಕರೀರಿ” ಎಂದು ಕೂಗು ಹೋಗುತ್ತಿತ್ತು. ಅವನು ಬೀಡಿ ಎಸೆದು ಬಂದು, ಹಗ್ಗವನ್ನು ಒಮ್ಮೆ ಝಾಡಿಸಿ, ಎರಡು ಸುತ್ತು ಹಾಕಿ, ಕೊನೆಗೆ ಒಂದು ಗಂಟು ಬಿಗಿಯುತ್ತಿದ್ದ. ಆ ಗಂಟು ಜಗ್ಗಿದಷ್ಟೂ ಬಿಗಿಯುತ್ತದೆ. ಆದರೆ ಒಳಗೆ ಮಡಚಿಟ್ಟ ಬಾಲವೊಂದಿರುತ್ತದೆ. ಅದನ್ನು ಹುಡುಕಿ ಕೆಳಕ್ಕೆ ಒಂದೇ ಏಟಿಗೆ ಎಳೆದರೆ ಇಡೀ ಗಂಟು ಕರಗಿಹೋಗುತ್ತದೆ. “ನಾನು ಕಟ್ಟಿದ್ದು ದಾರೀಲಿ ಬಿಚ್ಕೊಂಡಿದ್ದನ್ನ ತೋರಿಸಿದ್ರೆ ಮೀಸೆ ಬೋಳಿಸ್ಕೋತೀನಿ” ಅನ್ನುತ್ತಿದ್ದ. ಅವನಿಗೆ ಮೀಸೆ ಇರಲಿಲ್ಲ, ಅದು ಬೇರೆ ಮಾತು.

ಹೆದರುಪುಕ್ಕಲನೇನೂ ಅಲ್ಲ. ಗೋದಾಮಿನಲ್ಲಿ ಹಾವು ಬಂದಾಗ ಉಳಿದವರೆಲ್ಲ ಮೂಟೆ ಹತ್ತಿದರೆ ಇವನು ಪೊರಕೆ ಹಿಡಿದು ಅದಕ್ಕೆ ದಾರಿ ತೋರಿಸಿದವನು. ಇಳಿಜಾರಿನಲ್ಲಿ ಬ್ರೇಕ್ ಹಿಡಿಯದ ಲಾರಿಯ ಮೇಲೂ ಕೂತು ಬಂದವನು. ಆದರೆ ಲಾರಿ ಎಷ್ಟೇ ದೊಡ್ಡದಾಗಿರಲಿ, ಅದಕ್ಕೆ ಸ್ವಂತ ಅಭಿಪ್ರಾಯ ಅಂತ ಇರುವುದಿಲ್ಲ. ಕುದುರೆಗೆ ಇರುತ್ತದೆ. ಅದೂ ಕ್ಷಣಕ್ಕೊಂದು. ಅದು ಯಾವ ಕ್ಷಣದಲ್ಲಿ ಯಾವ ಅಭಿಪ್ರಾಯಕ್ಕೆ ಬರುತ್ತದೆ, ಬಂದಾಗ ತಾನು ಅದರ ಯಾವ ತುದಿಯಲ್ಲಿ ಇರುತ್ತೇನೆ ಎಂಬ ಯೋಚನೆಯಲ್ಲೇ ಗಂಟಣ್ಣನ ಕೈ ನಡುಗುತ್ತಿತ್ತು. ಬೇರೆಲ್ಲೂ ನಡುಗದ ಕೈ ಲಾಯದ ಗೇಟು ದಾಟಿದ ಕೂಡಲೇ ಶುರುವಾಗಿ, ಸಂಜೆ ಬಸ್ಸು ಹತ್ತಿದ ಮೇಲೆ ನಿಲ್ಲುತ್ತಿತ್ತು.

ಹಾಗಾದರೆ ಈ ಮಹಾರಾಯ ಅಲ್ಲಿಗೆ ಹೋಗಿದ್ದಾದರೂ ಯಾಕೆ?

ಬೆನ್ನು ಕೈಕೊಟ್ಟಿತ್ತು. ಇನ್ನು ಮೂಟೆ ಎತ್ತಿದರೆ ನಿಮ್ಮನ್ನೇ ನಾಲ್ಕು ಜನ ಎತ್ತಬೇಕಾಗುತ್ತದೆ ಎಂದು ಡಾಕ್ಟರು ಹೇಳಿಯಾಗಿತ್ತು. ಅದೇ ಹೊತ್ತಿಗೆ ಅಡ್ಡೆಯೂ ಮುಚ್ಚಿತು. ಕೆಲಸ ಕಳೆದುಕೊಂಡವರಿಗೆ ಕಾಲೇಜಿನಲ್ಲಿ ಯಾವುದಾದರೂ ಹೊಸ ಕಸುಬು ಕಲಿಯಲು ಸೀಟು ಕೊಡುತ್ತೇವೆ ಅಂದರು. ಕಂಪ್ಯೂಟರು, ಬೇಕರಿ, ಅಶ್ವಪಾಲನೆ. ಕಂಪ್ಯೂಟರಿನ ಸಾಲು ರಸ್ತೆಯವರೆಗೂ ಇತ್ತು. ಬೇಕರಿಯ ಕೊನೇ ಸೀಟು ಅವನ ಮುಂದೆ ನಿಂತಿದ್ದವನಿಗೆ ಹೋಯಿತು. ಮೂರನೆಯ ಮೇಜಿನ ಮುಂದೆ ಯಾರೂ ಇರಲಿಲ್ಲ. ಅಲ್ಲಿ ಕೂತಿದ್ದ ಗುಮಾಸ್ತ, “ಬನ್ನಿ ಬನ್ನಿ” ಎಂದು ಎದ್ದುನಿಂತೇ ಸ್ವಾಗತಿಸಿದ. ಪಾಸಾದವರಿಗೆ ಕಾಲೇಜಿನ ಸವಾರಿ ಶಾಲೆಯಲ್ಲೇ ಕೆಲಸ, ಭಾರ ಎತ್ತುವುದಿಲ್ಲ, ನೆರಳಲ್ಲಿ ಇರಬಹುದು ಅಂದ. ವರ್ಷದ ಕೊನೆಗೆ ಕೈಕೆಲಸದ ಪರೀಕ್ಷೆ ಒಂದಿರುತ್ತದೆ, ಅದರಲ್ಲಿ ಬಿದ್ದರೆ ಸೀಟು ಹೋಯಿತು, ಇನ್ನೊಂದು ಸಿಗುವುದಿಲ್ಲ ಎಂಬುದನ್ನು ಮಾತ್ರ ಸ್ವಲ್ಪ ಮೆಲ್ಲಗೆ ಹೇಳಿದ.

ಮನೆಯಲ್ಲಿ ಅವನ ಹೆಂಡತಿ ಬೀದಿಯವರ ಬಟ್ಟೆಗೆಲ್ಲ ಇಸ್ತ್ರಿ ಹಾಕುತ್ತಿದ್ದಳು. ಮೊದಲು ಹೊತ್ತು ಕಳೆಯಲು ಹಾಕುತ್ತಿದ್ದದ್ದು ಈಗ ಸಂಸಾರ ನಡೆಸಲು ಆಗಿತ್ತು. ಬಲಗೈ ಮಣಿಕಟ್ಟು ಊದಿಕೊಂಡು, ಬಟ್ಟೆಪಟ್ಟಿ ಸುತ್ತಿಕೊಂಡು ಹಾಕುತ್ತಿದ್ದಳು. ನೋವು ಅಂತ ಒಂದು ದಿನ ಬಾಯಿ ಬಿಟ್ಟವಳಲ್ಲ. ಇಸ್ತ್ರಿಪೆಟ್ಟಿಗೆಯನ್ನು ಬಲಗೈಯಿಂದ ಎಡಗೈಗೆ ಬದಲಾಯಿಸುವಾಗ ಮಾತ್ರ ಒಂದು ಚಣ ಕಣ್ಣು ಮುಚ್ಚುತ್ತಿದ್ದಳು. ಗಂಟಣ್ಣನಿಗೆ ಕುದುರೆಯ ಕಾಲಿಗಿಂತ ಹೆಚ್ಚು ಭಯ ಹುಟ್ಟಿಸುತ್ತಿದ್ದದ್ದು ಇಡೀ ಲೋಕದಲ್ಲಿ ಅದೊಂದೇ.

“ರೀ, ಕುದುರೆ ಹೇಗಿರುತ್ತೆ ಹತ್ತಿರದಿಂದ?” ಎಂದು ಅವಳು ಮೊದಲ ದಿನ ಸಂಜೆ ಕೇಳಿದಳು.

“ಅದರಲ್ಲೇನಿದೆ? ಹಸುಗೆ ಪ್ಯಾಂಟು ಹಾಕಿದ ಹಾಗಿರುತ್ತೆ.”

“ನಿಮ್ಮ ಪ್ಯಾಂಟಲ್ಲಿ ಇಷ್ಟೊಂದು ಬೂಸಾ ಯಾಕಿದೆ ಮತ್ತೆ?”

“ಅವಕ್ಕೆ ತಿಂಡಿ ಹಾಕೋ ಜವಾಬ್ದಾರೀನ ನನಗೇ ಕೊಟ್ಟಿದಾರೆ” ಅಂದ ಗಂಟಣ್ಣ.

ಹೀಗೆ ಶುರುವಾದ ಸುಳ್ಳು ದಿನಕ್ಕೊಂದು ಮರಿ ಹಾಕಿತು. ಅವನು ಮನೆಯಲ್ಲಿ ಹೇಳುವ ಗಂಟಣ್ಣ ಕುದುರೆಯ ಕಿವಿ ಹಿಂಡಿ ಬುದ್ಧಿ ಹೇಳುತ್ತಿದ್ದ. ಲಾಯದಲ್ಲಿದ್ದ ಗಂಟಣ್ಣ ಕುದುರೆಗೆ “ಸ್ವಲ್ಪ ಜಾಗ ಬಿಡ್ತೀರಾ” ಎಂದು ಬಹುವಚನದಲ್ಲಿ ಕೇಳುತ್ತಿದ್ದ.

ಲಾಯದಲ್ಲಿ ಇಬ್ಬಿಬ್ಬರಿಗೆ ಒಂದು ಕುದುರೆ. ಗಂಟಣ್ಣನ ಪಾಲಿಗೆ ಬಂದದ್ದು ಹೆಡ್‌ಮೇಷ್ಟ್ರು. ಜೊತೆಗೆ ಬಂದವಳು ಚೋಟು ಎಂದು ಎಲ್ಲರೂ ಕರೆಯುತ್ತಿದ್ದ ಹುಡುಗಿ. ಎತ್ತರ ಗಂಟಣ್ಣನ ಎದೆಗೆ ಬರುತ್ತಿತ್ತು, ಧೈರ್ಯ ಸೂರಿಗೆ ತಾಗುತ್ತಿತ್ತು. ಕುದುರೆಯ ಹೊಟ್ಟೆಯ ಕೆಳಗೆ ಬಗ್ಗಿ ಆ ಕಡೆ ಹೋಗಿ ಬೈಸಿಕೊಳ್ಳುವುದು ಅವಳ ದಿನಚರಿ.

“ಅಂಕಲ್, ಉಸಿರು ಬಿಡಿ.”

“ಬಿಡ್ತಾನೇ ಇದೀನಲ್ಲಮ್ಮ.”

“ಎಲ್ಲಿ ಬಿಡ್ತಿದೀರಾ? ನೀವು ಒಳಗೆ ಬಂದಾಗ ಎಳ್ಕೊಂಡಿದ್ದು ಇನ್ನೂ ಹೊರಗೆ ಬಂದಿಲ್ಲ. ನೀವು ಉಸಿರು ಹಿಡ್ಕೊಂಡ್ರೆ ಅದೂ ಹಿಡ್ಕೊಳುತ್ತೆ. ಏನೋ ಬರ್ತಾ ಇದೆ, ಈ ಮನುಷ್ಯನಿಗೆ ಗೊತ್ತಾಗಿದೆ ಅಂದ್ಕೊಳುತ್ತೆ.”

“ಬರ್ತಾ ಇರೋದು ಅದೇ ಅಲ್ವಾ?”

“ಅದಕ್ಕೆ ಗೊತ್ತಿಲ್ವಲ್ಲ ಅಂಕಲ್! ಮಾತಾಡ್ಸಿ ಅದನ್ನ. ಭುಜದ ಕಡೆಯಿಂದ ಹೋಗಿ. ಕೈ ಮೈಮೇಲೆ ಇಟ್ರೆ ತೆಗೀಬೇಡಿ.”

ಪಾಠ ಮನಸ್ಸಿಗೆ ಇಳಿಯಿತು, ಮೈಗೆ ಇಳಿಯಲಿಲ್ಲ. ಗಂಟಣ್ಣ ಮನೆಯಲ್ಲಿ ಅಭ್ಯಾಸ ಶುರು ಮಾಡಿದ. ಕೋಣೆಯಲ್ಲಿದ್ದ ಕಬ್ಬಿಣದ ಬೀರು ಹೆಚ್ಚು ಕಡಿಮೆ ಹೆಡ್‌ಮೇಷ್ಟ್ರಷ್ಟೇ ಎತ್ತರ. ಹೆಂಡತಿ ಬಟ್ಟೆ ಕೊಡಲು ಹೋದಾಗ ಅವನು ಬೀರುವಿನ ಭುಜದ ಕಡೆಯಿಂದ ಹೋಗಿ, “ಹೋ ರಾಜ, ಹೋ. ನಾನೇ. ಏನಿಲ್ಲ, ಏನಿಲ್ಲ” ಅನ್ನುತ್ತ ಕೈಯಿಟ್ಟು ನಿಲ್ಲುತ್ತಿದ್ದ. ಆಮೇಲೆ ಕುರ್ಚಿಯ ಕಾಲೊಂದನ್ನು ಎತ್ತಿ ತೊಡೆಯ ಮೇಲಿಟ್ಟುಕೊಂಡು, ಚಮಚದ ಹಿಂಬದಿಯಿಂದ ಗೊರಸು ಕೆರೆಯುತ್ತಿದ್ದ. ಒಂದು ದಿನ ತಲೆಯೆತ್ತಿದರೆ ಹೆಂಡತಿ ಬಾಗಿಲಲ್ಲಿ ಬಟ್ಟೆ ಗಂಟು ಹಿಡಿದು ನಿಂತಿದ್ದಾಳೆ.

“ಬೀರು ಏನಾದ್ರೂ ಅಂತಾ?” ಎಂದು ಕೇಳಿದಳು.

“ಕೀಲು ಎಣ್ಣೆ ಕೇಳ್ತಾ ಇದೆ” ಅಂದ.

ಮಾರನೆಯ ದಿನ ಅವನ ಊಟದ ಡಬ್ಬಿಯ ಜೊತೆ ಸಿಪ್ಪೆ ಹೆರೆದ ಒಂದು ಕ್ಯಾರೆಟ್ಟು ಬೇರೆಯೇ ಕಾಗದದಲ್ಲಿ ಸುತ್ತಿತ್ತು. ಅವನು ಅದನ್ನು ಹೆಡ್‌ಮೇಷ್ಟ್ರ ಬಾಗಿಲ ಮೇಲಿಟ್ಟು ದೂರ ಸರಿದು ನಿಂತ.

ವರ್ಷವೆಲ್ಲ ಹೀಗೇ ಕಳೆಯಿತು. ಹೊಟ್ಟು, ಹಿಂಡಿ, ಹುಲ್ಲಿನ ಲೆಕ್ಕಾಚಾರ, ಹೊಟ್ಟೆನೋವಿನ ಲಕ್ಷಣ, ಲಾಳ ಸಡಿಲವಾದರೆ ಬರುವ ಸದ್ದು, ಬರೆಯುವ ಪರೀಕ್ಷೆಯಲ್ಲಿ ಏನು ಕೇಳಿದರೂ ಗಂಟಣ್ಣ ಬರೆಯುತ್ತಿದ್ದ. ಕುದುರೆ ಕಾಗದದ ಮೇಲಿದ್ದಷ್ಟು ಹೊತ್ತು ಅವನಷ್ಟು ಧೈರ್ಯವಂತ ಇನ್ನೊಬ್ಬನಿರಲಿಲ್ಲ. ತೊಂದರೆ ಇದ್ದದ್ದು ಅಂಗಳದ ಪಾಠಗಳಲ್ಲಿ. ಮೇಡಂ ಕುದುರೆಯ ಪಕ್ಕ ನಿಂತು ವಿವರಿಸುವಾಗ ಹುಡುಗರೆಲ್ಲ ಸುತ್ತ ಮುತ್ತಿಕೊಳ್ಳುತ್ತಿದ್ದರು. ಗಂಟಣ್ಣ ನೀರಿನ ತೊಟ್ಟಿಯ ಆಚೆ, ಬೇಲಿಗೆ ಬೆನ್ನು ಕೊಟ್ಟು ನಿಂತು, ಮೇಡಂ ತುಟಿ ಅಲ್ಲಾಡುವುದನ್ನೇ ನೋಡಿ ತಲೆದೂಗುತ್ತಿದ್ದ. ಗಾಳಿ ಈ ಕಡೆ ಬೀಸಿದ ದಿನ ಅರ್ಧ ಪಾಠ ಸಿಗುತ್ತಿತ್ತು. ಆ ಕಡೆ ಬೀಸಿದ ದಿನ ಅದೂ ಇಲ್ಲ.

ಕುದುರೆ ಕಟ್ಟುವ ಪಾಠ ನಡೆದ ದಿನ ಗಾಳಿ ಆ ಕಡೆ ಬೀಸುತ್ತಿತ್ತು.

ಅಂಗಳದ ಒಂದು ಬದಿಗೆ ಕಲ್ಲಿನ ಗೋಡೆ, ಗೋಡೆಗೆ ಕಬ್ಬಿಣದ ಬಳೆಗಳು. ಮಾಲೀಸು ಮಾಡುವಾಗ ಕುದುರೆಯನ್ನು ಅಲ್ಲಿ ಕಟ್ಟುತ್ತಾರೆ. ಆದರೆ ಹಗ್ಗವನ್ನು ನೇರವಾಗಿ ಬಳೆಗೆ ಕಟ್ಟುವುದಿಲ್ಲ. ಪ್ರತಿ ಬಳೆಗೂ ಹುಲ್ಲಿನ ಪಿಂಡಿ ಕಟ್ಟಿ ಬಂದ ಸುತಳಿ ದಾರದ ಒಂದು ಕುಣಿಕೆ ಇರುತ್ತದೆ. ಹಗ್ಗವನ್ನು ಆ ಕುಣಿಕೆಗೆ ಕಟ್ಟುತ್ತಾರೆ. ಯಾಕೆ ಹಾಗೆ ಎಂದು ಮೇಡಂ ಅವತ್ತು ಬಹಳ ಹೊತ್ತು ಹೇಳಿದರು. ಗಂಟಣ್ಣ ಬಹಳ ಹೊತ್ತು ತಲೆದೂಗಿದ. ಹಗ್ಗಕ್ಕೆ ಹಾಕುವ ಗಂಟನ್ನು ದೂರದಿಂದಲೇ ನೋಡಿ ಕಲಿತುಬಿಟ್ಟ, ಗಂಟು ಅವನಿಗೆ ಯಾರೂ ಕಿವಿಯಲ್ಲಿ ಹೇಳಬೇಕಾಗಿರಲಿಲ್ಲ. ಆದರೆ ಕುಣಿಕೆಯ ವಿಷಯ ಗಾಳಿಗೆ ಹೋಯಿತು.

ಆಮೇಲೆ ಹತ್ತಿರ ಹೋಗಿ ಆ ಕುಣಿಕೆಯನ್ನು ನೋಡಿದ ಗಂಟಣ್ಣನಿಗೆ ಮೈಯೆಲ್ಲ ಉರಿಯಿತು. ಬಿಸಿಲಿಗೆ ಬಣ್ಣ ಹೋದ, ಎಳೆ ಎಳೆ ಬಿಚ್ಚಿಕೊಂಡ ಸುತಳಿ. ಈರುಳ್ಳಿ ಚೀಲದ ಬಾಯಿ ಕಟ್ಟಲೂ ನಾಚಿಕೆಪಡಬೇಕಾದಂಥದ್ದು. ಯಾರೋ ಮೈಗಳ್ಳರು ಕೈಗೆ ಸಿಕ್ಕಿದ್ದನ್ನು ಕಟ್ಟಿ ಹೋಗಿದ್ದಾರೆ ಅಂದುಕೊಂಡ. ಅದನ್ನು ಬೆರಳಲ್ಲಿ ಜಗ್ಗಿ ನೋಡಿ, ತಿರುಗಿ ಹೆಡ್‌ಮೇಷ್ಟ್ರ ಎದೆಯ ಅಗಲ ನೋಡಿದ. ಅಷ್ಟು ದೊಡ್ಡ ಪ್ರಾಣಿಗೂ ತನಗೂ ನಡುವೆ ಇಷ್ಟು ದಿನ ಇದ್ದದ್ದು ಇದೊಂದೇ! ಅಂದಿನಿಂದ ಅವನ ನಿದ್ದೆಯಲ್ಲಿ ಸುತಳಿ ಕಿತ್ತುಹೋಗತೊಡಗಿತು. ಎಳೆ ಎಳೆಯಾಗಿ, ಟಿಕ್, ಟಿಕ್, ಟಿಕ್. ಕೊನೆಯ ಎಳೆಗೆ ಎಚ್ಚರವಾಗುತ್ತಿತ್ತು, ಹೊದಿಕೆಯೆಲ್ಲ ಬೆವರು.

ಪರೀಕ್ಷೆಯ ಹಿಂದಿನ ದಿನ ಊಟದ ಬಿಡುವಿನಲ್ಲಿ ಅಂಗಳ ಖಾಲಿಯಿತ್ತು. ಗಂಟಣ್ಣ ಚೀಲದಿಂದ ತನ್ನ ಹಳೆಯ ಲಾರಿ ಹಗ್ಗದ ತುಂಡು ತೆಗೆದ. ಹೆಬ್ಬೆರಳು ದಪ್ಪದ ನೈಲಾನು. ಹೆಡ್‌ಮೇಷ್ಟ್ರನ್ನು ಕಟ್ಟುವ ಬಳೆಯಿಂದ ಸುತಳಿಯನ್ನು ಕತ್ತರಿಸಿ ಬಿಸಾಕಿ, ನೈಲಾನನ್ನು ಎರಡು ಸುತ್ತು ಹಾಕಿ ಕುಣಿಕೆ ಮಾಡಿ, ತನ್ನ ಬಿರುದಿನ ಗಂಟು ಬಿಗಿದು, ಅದರ ಬಾಲವನ್ನು ಬಳೆಯ ಹಿಂದೆ ಗೋಡೆಯ ಸಂದಿಗೆ ಸಿಕ್ಕಿಸಿದ. ಎರಡೂ ಕಾಲು ಗೋಡೆಗೆ ಕೊಟ್ಟು ಜೋತುಬಿದ್ದು ನೋಡಿದ. ಒಂದು ಕೂದಲಷ್ಟೂ ಅಲುಗಲಿಲ್ಲ. ವರ್ಷದಲ್ಲೇ ಮೊದಲ ಸಲ ಲಾಯದ ಗೇಟಿನೊಳಗೆ ಅವನ ಕೈ ನಡುಗಲಿಲ್ಲ. ಅಂದು ಕನಸೂ ಬೀಳಲಿಲ್ಲ.

ಬೆಳಿಗ್ಗೆ ಹೆಂಡತಿ ಅವನ ಅಂಗಿಗೆ ತಾನೇ ಇಸ್ತ್ರಿ ಹಾಕಿದಳು. ಎಡಗೈಯಲ್ಲಿ. ಕಾಲರು ಸ್ವಲ್ಪ ಸೊಟ್ಟ ಬಂತು.

“ಪಾಸಾಗ್ತೀರಾ?” ಅಂದಳು.

“ಕಟ್ಟೋ ವಿಷಯದಲ್ಲಿ ನನ್ನನ್ನ ಯಾರು ಮುಟ್ತಾರೆ?” ಅಂದ.

ಪರೀಕ್ಷಕರು ಹೊರಗಿನಿಂದ ಬಂದವರು. ತೆಳ್ಳಗೆ, ಉದ್ದಕ್ಕೆ, ನಗುವನ್ನು ಮನೆಯಲ್ಲಿ ಬಿಟ್ಟು ಬಂದ ಹಾಗಿದ್ದರು. ಚೋಟು ಅವತ್ತು ಸಿಕ್ಕ ಬೇರೊಂದು ಕುದುರೆಯನ್ನು ಬೇರೆ ಬಳೆಗೆ ಕಟ್ಟಿ, ತನ್ನ ಸರದಿಯನ್ನು ಹಾಡಿಕೊಂಡು ಮುಗಿಸಿ ಬಂದು, “ಉಸಿರು ಅಂಕಲ್, ಉಸಿರು” ಎಂದು ಪಿಸುಗುಟ್ಟಿ ಹೋದಳು.

ಗಂಟಣ್ಣ ಹೆಡ್‌ಮೇಷ್ಟ್ರನ್ನು ನಡೆಸಿಕೊಂಡು ಬಂದ. ನೈಲಾನಿನ ಕುಣಿಕೆಗೆ ಹಗ್ಗ ಕಟ್ಟಿದ. ಬ್ರಷ್ಷು ಹಿಡಿದು ಕತ್ತಿನಿಂದ ಶುರು ಮಾಡಿದ. ಭುಜ, ಬೆನ್ನು, ಹೊಟ್ಟೆ. “ಹೋ ರಾಜ. ನಾನೇ. ಏನಿಲ್ಲ.” ಮುಂಗಾಲು ಎತ್ತಿ ಗೊರಸು ಕೆರೆದ. ಪರೀಕ್ಷಕರು ಏನೋ ಬರೆದುಕೊಂಡರು. ಮೇಡಂ ಮುಖದಲ್ಲಿ ಆಶ್ಚರ್ಯ ಕಂಡಿತು. ಹಿಡಿತ ಗಟ್ಟಿಯಿದೆ ಎಂಬ ಒಂದೇ ನಂಬಿಕೆಯ ಮೇಲೆ ಗಂಟಣ್ಣ ಅವತ್ತು ಮನುಷ್ಯನಾಗಿದ್ದ.

ಆಗ ಗಾಳಿ ಎದ್ದಿತು.

ಅಂಗಳದ ಆಚೆ ಹುಲ್ಲಿನ ಪಿಂಡಿಗಳ ಮೇಲೆ ಹೊದಿಸಿದ್ದ ಟಾರ್ಪಾಲಿನ ಒಂದು ಮೂಲೆ ಸಡಿಲವಾಗಿತ್ತು. ಗಾಳಿ ಅದರ ಕೆಳಗೆ ನುಗ್ಗಿ ಇಡೀ ಟಾರ್ಪಾಲನ್ನು ಎತ್ತಿ ಪಟಾರೆಂದು ಬಡಿಯಿತು. ಲಾರಿಯ ಮೇಲೆ ಜೀವನ ಕಳೆದ ಗಂಟಣ್ಣನಿಗೆ ಅದು ಜೋಗುಳದಷ್ಟು ಪರಿಚಿತ ಸದ್ದು. ಹೆಡ್‌ಮೇಷ್ಟ್ರಿಗೆ ಅದು ಸಾವಿನ ಸದ್ದು.

ಕುದುರೆ ಹಿಂದಕ್ಕೆ ಜಗ್ಗಿತು. ಹಗ್ಗ ಬಿಗಿಯಿತು. ತಲೆಗೆ ಹಾಕಿದ ಪಟ್ಟಿ ಕಿವಿಯ ಹಿಂದೆ ಕಚ್ಚಿಕೊಂಡಿತು. ಕಚ್ಚಿದ್ದೇ ತಡ, ತನ್ನನ್ನು ಯಾರೋ ಹಿಡಿದುಕೊಂಡಿದ್ದಾರೆ ಎಂಬುದು ಅದಕ್ಕೆ ಗೊತ್ತಾಯಿತು. ಆಮೇಲೆ ಅದು ಟಾರ್ಪಾಲಿಗಲ್ಲ, ಹಗ್ಗಕ್ಕೆ ಹೆದರಿತು. ಹಿಂಗಾಲು ಮಡಚಿ, ಸೊಂಟ ನೆಲಕ್ಕೆ ಇಳಿಸಿ, ಇಡೀ ಮೈಯ ಭಾರ ಹಾಕಿ ಎಳೆಯತೊಡಗಿತು. ಲಾಳಗಳು ಕಲ್ಲು ಹಾಸಿನ ಮೇಲೆ ಕಿಡಿ ಹಾರಿಸಿ ಜಾರಿದವು. ಕಣ್ಣಲ್ಲಿ ಕಪ್ಪು ಹೋಗಿ ಬರೀ ಬಿಳಿ ಉಳಿಯಿತು.

“ಸುತಳಿ ಯಾಕೆ ಕಿತ್ತುಹೋಗ್ತಿಲ್ಲ?” ಮೇಡಂ ಚೀರಿದರು. “ಕಿತ್ತುಹೋಗ್ಬೇಕಲ್ಲ ಅದು! ಅದಕ್ಕೇ ತಾನೇ ಕಟ್ಟೋದು! ಚಾಕು ತನ್ನಿ ಯಾರಾದ್ರೂ, ಕತ್ತು ಮುರಿಯುತ್ತೆ ಅದರದ್ದು!”

ತೊಟ್ಟಿಯಾಚೆ ನಿಂತು ವರ್ಷವೆಲ್ಲ ಕೇಳದೆ ಹೋದ ಪಾಠ ಗಂಟಣ್ಣನಿಗೆ ಆ ಒಂದು ಕೂಗಿನಲ್ಲಿ ಪೂರ್ತಿ ಕೇಳಿಸಿತು. ಚೋಟು ಚಾಕು ತರಲು ಓಡಿದಳು. ಆದರೆ ಆ ನೈಲಾನು ಎಂಥದ್ದೆಂದು ಅವನಿಗೆ ಗೊತ್ತು. ಅದನ್ನು ಚಾಕುವಿನಲ್ಲಿ ಕೊಯ್ದು ಮುಗಿಸುವಷ್ಟರಲ್ಲಿ ಕುದುರೆ ಇರುವುದಿಲ್ಲ. ಕುಣಿಕೆಗೆ ಹಾಕಿದ್ದ ಕುದುರೆಯ ಹಗ್ಗದ ಗಂಟು ಆಗಲೇ ಕಲ್ಲಾಗಿತ್ತು. ಬಿಚ್ಚುವುದಿದ್ದರೆ ನೈಲಾನಿಗೆ ಹಾಕಿದ ಅವನ ಗಂಟೊಂದೇ. ಅದರ ಬಾಲ ಎಲ್ಲಿದೆ? ಬಳೆಯ ಹಿಂದೆ, ಗೋಡೆಯ ಸಂದಿಯಲ್ಲಿ. ಅಲ್ಲಿಗೆ ಹೋಗಬೇಕಾದರೆ ಗೋಡೆಗೂ ಕುದುರೆಗೂ ನಡುವೆ, ಆ ತಲೆಯ ಕೆಳಗೆ, ಆ ಮುಂಗಾಲುಗಳ ಎದುರಿಗೆ ನುಸುಳಬೇಕು.

ಓಡಿಹೋಗು ಎಂದು ಮೈಯ ಒಂದೊಂದು ಎಲುಬೂ ಹೇಳಿತು. ಬೂಸಾ ಪೆಟ್ಟಿಗೆ ಎಲ್ಲಿದೆ ಎಂದು ಕಣ್ಣು ತಾನಾಗಿಯೇ ಒಮ್ಮೆ ಆ ಕಡೆ ಹೋಯಿತು. ಸುಳ್ಳು ಯಾಕೆ ಹೇಳಬೇಕು, ಒಂದು ಕಾಲೂ ಆ ಕಡೆ ತಿರುಗಿತ್ತು. ಇನ್ನೊಂದು ಕಾಲು ಯಾಕೆ ಗೋಡೆಯ ಕಡೆ ಹೋಯಿತು ಎಂದು ಅವನಿಗೆ ಇವತ್ತಿಗೂ ಗೊತ್ತಿಲ್ಲ.

ಗೋಡೆಗೆ ಬೆನ್ನು ಉಜ್ಜಿಕೊಂಡು ನುಸುಳಿದ. ಬಿಸಿ ಉಸಿರು ಮುಖಕ್ಕೆ ಬಡಿಯಿತು, ನೊರೆ ಕಣ್ಣಿಗೆ ಬಿತ್ತು. ಒಂದು ಲಾಳ ಅವನ ಮೊಣಕಾಲ ಪಕ್ಕದ ಕಲ್ಲಿಗೆ ಗುದ್ದಿ ಚೂರು ಹಾರಿಸಿತು. ಕಬ್ಬಿಣದ ಬಳೆ ಗೋಡೆಯಲ್ಲಿ ಕಿರಗುಡುತ್ತಿತ್ತು. ಸಂದಿಯೊಳಗೆ ಬೆರಳು ಹಾಕಿದ. ಬಾಲ ಸಿಗಲಿಲ್ಲ. ಕೈ ಗಡಗಡ ನಡುಗಿ ಬೆರಳು ಬೇರೆಯವರದ್ದೆನ್ನುವ ಹಾಗೆ ಜಾರುತ್ತಿತ್ತು. “ಹೋ ರಾಜ, ಹೋ, ನಾನೇ, ನಾನೇ ಮಾಡಿದ್ದು, ಏನಿಲ್ಲ, ಏನಿಲ್ಲ” ಎಂದು ಬಾಯಿ ತನ್ನ ಪಾಡಿಗೆ ಹೇಳುತ್ತಿತ್ತು. ಮತ್ತೆ ತಡಕಿದ. ಸಿಕ್ಕಿತು. ಕೆಳಕ್ಕೆ ಒಂದೇ ಏಟು.

ಗಂಟು ಕರಗಿತು. ಕುದುರೆ ಹಿಂದಕ್ಕೆ ಹೋಗಿ ನಾಯಿಯ ಹಾಗೆ ಕೂತೇಬಿಟ್ಟಿತು. ಮರುಗಳಿಗೆ ಎದ್ದು, ಗಂಟಣ್ಣನ ಭುಜವನ್ನು ಗೋಡೆಗೆ ಅಪ್ಪಳಿಸಿ, ನೇತಾಡುವ ಹಗ್ಗ ಎಳೆದುಕೊಂಡು ಓಡಿತು. ಪರೀಕ್ಷಕರು ನೀರಿನ ತೊಟ್ಟಿಯ ಆಚೆ ಹಾರಿದರು. ಅದು ಗಂಟಣ್ಣ ವರ್ಷವೆಲ್ಲ ನಿಂತಿದ್ದ ಜಾಗ. ರಸ್ತೆಯ ಕಡೆಯ ಗೇಟು ತೆರೆದಿತ್ತು. ಚಾಕು ಹಿಡಿದು ಬರುತ್ತಿದ್ದ ಚೋಟು ಅದನ್ನು ಬಿಸಾಕಿ ಓಡಿಹೋಗಿ ಗೇಟು ಎಳೆದು ಅಡ್ಡ ನಿಂತಳು. ಕುದುರೆ ಅಂಗಳವನ್ನು ಒಂದು ಸುತ್ತು ಹಾಕಿ, ದಾರಿ ಕಾಣದೆ ಲಾಯದ ಓಣಿಗೆ ನುಗ್ಗಿತು.

ಎಲ್ಲರೂ ಓಣಿಯ ಬಾಯಿಗೆ ಬಂದು ನಿಂತರು. ಆ ತುದಿಯಲ್ಲಿ ಹೆಡ್‌ಮೇಷ್ಟ್ರು ಬೂಸಾ ಪೆಟ್ಟಿಗೆಯ ಪಕ್ಕ, ಮೂಲೆಗೆ ಒತ್ತಿಕೊಂಡು ನಿಂತಿತ್ತು. ಮೈಯೆಲ್ಲ ಬೆವರು. ಚರ್ಮ ಅಲೆ ಅಲೆಯಾಗಿ ನಡುಗುತ್ತಿತ್ತು.

“ಯಾರೂ ಹೋಗ್ಬೇಡಿ” ಅಂದರು ಮೇಡಂ. “ಈಗ ಹತ್ತಿರ ಹೋದ್ರೆ ತುಳಿಯುತ್ತೆ.”

ಗಂಟಣ್ಣ ಹೋದ. ಧೈರ್ಯ ಬಂದಿತ್ತು ಅಂದುಕೊಳ್ಳಬೇಡಿ. ಆದರೆ ಆ ನಡುಕ ಅವನಿಗೆ ಗೊತ್ತಿತ್ತು. ಕಿವಿಯಿಂದ ಹಿಡಿದು ಗೊರಸಿನವರೆಗೆ ಒಂದೊಂದು ಅಲೆಯೂ ಅವನ ಸ್ವಂತದ್ದು. ಇಷ್ಟು ದಿನ ಈ ಲಾಯದಲ್ಲಿ ಹೆದರುವವನು ತಾನೊಬ್ಬನೇ ಅಂದುಕೊಂಡಿದ್ದ. ಭುಜದ ಕಡೆಯಿಂದ ಹೋದ. ಅರ್ಧ ದಾರಿಯಲ್ಲಿ ನಿಂತು, ಬೆಳಿಗ್ಗೆಯಿಂದ ಹಿಡಿದಿಟ್ಟಿದ್ದ ಉಸಿರನ್ನೆಲ್ಲ ಉಫ್ ಎಂದು ಹೊರಗೆ ಬಿಟ್ಟ. ಸ್ವಲ್ಪ ಹೊತ್ತಾಯಿತು. ಕುದುರೆಯೂ ಬಿಟ್ಟಿತು. ಹಿಂದೆಯೇ ಜೋರಾಗಿ ಒಂದು ಸೀನು. ಗಂಟಣ್ಣ ಕಣ್ಣು ಮುಚ್ಚಿಕೊಂಡ, ಆದರೆ ಪೆಟ್ಟಿಗೆಯೊಳಗೆ ಹಾರಲಿಲ್ಲ. ಕೈ ಚಾಚಿ ಭುಜದ ಮೇಲಿಟ್ಟ. ಎರಡೂ ನಡುಗುತ್ತಿದ್ದವು, ಕೈಯೂ ಭುಜವೂ. ಸ್ವಲ್ಪ ಹೊತ್ತಿನ ಮೇಲೆ ಯಾವುದು ಮೊದಲು ನಿಂತಿತೋ ಹೇಳುವುದು ಕಷ್ಟ. ಪೆಟ್ಟಿಗೆಯ ಮುಚ್ಚಳ ತೆಗೆದುಕೊಟ್ಟ. ಹೆಡ್‌ಮೇಷ್ಟ್ರು ತಲೆ ತಗ್ಗಿಸಿ ಬೂಸಾಕ್ಕೆ ಬಾಯಿ ಹಾಕಿತು. ಗಂಟಣ್ಣ ಹಗ್ಗ ಹಿಡಿದುಕೊಂಡ.

ಕಿವಿಯ ಹಿಂದೆ ಚರ್ಮ ಕೆಂಪಗೆ ಸುಲಿದಿತ್ತು. ಮೇಡಂ ಕತ್ತು, ಬೆನ್ನು, ಕಾಲು ಎಲ್ಲ ಸವರಿ ನೋಡಿ, ಬೇರೇನೂ ಆಗಿಲ್ಲ ಎಂದ ಮೇಲೆ ಮುಲಾಮಿನ ಡಬ್ಬಿಯನ್ನು ಗಂಟಣ್ಣನ ಕೈಗೆ ಕೊಟ್ಟರು. ಆಮೇಲೆ ನೈಲಾನಿನ ತುಂಡನ್ನು ಎತ್ತಿ ಹಿಡಿದರು.

“ಇದು ಯಾರ ಕೆಲಸ?”

“ನನ್ನದೇ ಮೇಡಂ.”

“ಯಾಕೆ?”

“ಸುತಳಿ ಕಿತ್ತುಹೋಗುತ್ತೆ ಅಂತ ಹೆದರಿಕೆಯಾಯ್ತು.”

ಪರೀಕ್ಷಕರು ತೊಟ್ಟಿ ಹಾರುವಾಗ ಮೆತ್ತಿದ್ದ ಧೂಳನ್ನು ಪ್ಯಾಂಟಿನಿಂದ ಕೊಡವಿಕೊಂಡರು. ಕಟ್ಟುವ ಕೆಲಸದ ಎದುರಿಗೆ ಒಂದು ಸೊನ್ನೆ ಸುತ್ತಿದರು. ದೊಡ್ಡದಾಗಿಯೇ ಸುತ್ತಿದರು. ಗಂಟಣ್ಣನಿಗೆ ಆ ಸೊನ್ನೆಯೊಳಗೆ ಹೆಂಡತಿಯ ಮಣಿಕಟ್ಟು ಕಂಡಿತು. ತಪ್ಪಿಸಿಕೊಂಡ ಕುದುರೆಯನ್ನು ಹಿಡಿಯುವುದು ಎಂಬ ಸಾಲಿಗೆ ಬಂದಾಗ ಅವರ ಪೆನ್ನು ನಿಂತಿತು.

“ಇದಕ್ಕೆ ಸಾಮಾನ್ಯವಾಗಿ ಅಂಗಳದಲ್ಲಿ ಒಂದು ಮುದಿ ಕುದುರೆ ಬಿಟ್ಟು ಹಿಡಿಸ್ತೀವಿ” ಅಂದರು ಮೇಡಂ ಕಡೆ ತಿರುಗಿ. “ಇವರಿಗೆ ಇನ್ನೊಂದ್ಸಲ ಬಿಡಬೇಕಾ?”

“ಬೇಡ ಸಾರ್, ದಮ್ಮಯ್ಯ” ಅಂದಳು ಹಿಂದಿನಿಂದ ಚೋಟು.

ಪರೀಕ್ಷಕರು ಬರೆದರು. ಕೂಡಿದರು. ಮತ್ತೊಮ್ಮೆ ಕೂಡಿದರು. “ಪಾಸು. ಇನ್ನೊಂದು ಕೂದಲು ಆ ಕಡೆ ಹೋಗಿದ್ರೆ ಇಲ್ಲ” ಎಂದು ಸಹಿ ಹಾಕಿ ಪೆನ್ನನ್ನು ಜೇಬಿಗೆ ಸಿಕ್ಕಿಸಿದರು. ಗಂಟಣ್ಣ ಸಂತೋಷಪಡಲೂ ಹೆದರಿ ಮುಲಾಮು ಹಚ್ಚುತ್ತಲೇ ಇದ್ದ. ಮುಲಾಮು ಕಿವಿಗೆ ಆದದ್ದಕ್ಕಿಂತ ಹೆಚ್ಚು ಅವನ ಅಂಗಿಗೆ ಆಗಿತ್ತು.

ಪರೀಕ್ಷಕರು ಹೊರಟವರು ಖಾಲಿ ಬಳೆಯ ಹತ್ತಿರ ನಿಂತರು.

“ಅಲ್ಲ, ಇದು ಪರೀಕ್ಷೆಗಲ್ಲ, ಸುಮ್ಮನೆ ಕೇಳ್ತೀನಿ. ಜೀವಮಾನವೆಲ್ಲ ಹಗ್ಗದ ಕೆಲಸ ಮಾಡಿದೀರಂತೆ. ನಾಳೆ ಈ ಬಳೆಗೆ ಎಂಥದ್ದು ಕಟ್ತೀರಿ?”

ಗಂಟಣ್ಣ ತನ್ನ ಬಲಗೈಯನ್ನು ಎತ್ತಿ ಒಮ್ಮೆ ನೋಡಿಕೊಂಡ. ಅದು ಇನ್ನೂ ನಡುಗುತ್ತಿತ್ತು.

“ಹಿಡ್ಕೊಂಡ್ರೆ ಸಾಕು, ಈ ಕೈ ನಡುಗೋದಕ್ಕೇ ಕಿತ್ತುಹೋಗ್ಬೇಕು ಸಾರ್, ಅಂಥದ್ದು.”